ಗುಬ್ಬಿಯ ವೆಸ್ಲಿಯನ್ ಸಭೆಯ ಚರಿತ್ರೆ: ಎರಡು ಆಕರ ಗ್ರಂಥಗಳ ವಿಮರ್ಶೆ

ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಕೆಲಸ ಮಾಡಿದ ಕ್ರೈಸ್ತ ಮಿಷನರಿಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಎರಡು ಕವಲುಗಳಲ್ಲಿ ಸಾಗಿ ಬಂದಿವೆ. ಭಾಷೆ ಮತ್ತು ಸಾಹಿತ್ಯದ ಚರಿತ್ರಕಾರರು ಅವರನ್ನು ನಿಘಂಟುಕಾರರು, ವೈಯಾಕರಣರು, ಗ್ರಂಥಸಂಪಾದಕರು, ಮುದ್ರಕರು ಎಂದು ಗೌರವಿಸಿದ್ದಾರೆ. ಸಭೆಗಳ ಚರಿತ್ರೆಯನ್ನು ಬರೆದವರು ಅವರನ್ನು ಸುವಾರ್ತಾ ಪ್ರಸಾರಕರು, ಸಭಾಸ್ಥಾಪಕರು ಎಂದು ಸ್ಮರಿಸಿದ್ದಾರೆ. ಹೀಗಾಗಿ ಒಬ್ಬರೇ ವ್ಯಕ್ತಿ ಎರಡು ಚರಿತ್ರೆಗಳಲ್ಲಿ ಇಬ್ಬರಾಗಿ ಕಾಣಿಸಿಕೊಳ್ಳುವ ವಿಚಿತ್ರ ಸನ್ನಿವೇಶ ಉಂಟಾಗಿದೆ. ಇಂಥ ವಿಭಜನೆಯಿಂದ ಹೆಚ್ಚು ನಷ್ಟವಾಗಿರುವುದು ಸಣ್ಣ ಊರುಗಳ ಸಭೆಗಳಿಗೆ. ಬೆಂಗಳೂರು, ಮೈಸೂರು, ಮಂಗಳೂರುಗಳಂಥ ಕೇಂದ್ರಗಳಿಗೆ ಶಾಲೆ, ಮುದ್ರಣಾಲಯ, ಆಸ್ಪತ್ರೆಗಳ ಮೂಲಕವಾದರೂ ಒಂದು ಚರಿತ್ರೆ ದೊರೆತಿದೆ. ತುಮಕೂರು ಜಿಲ್ಲೆಯ ಗುಬ್ಬಿಯಂಥ ಸಂತೆಯೂರಿನ ಸಭೆಗೆ ಅದೂ ದೊರೆತಿಲ್ಲ. ಮೈಸೂರು ಸಂಸ್ಥಾನದಲ್ಲಿ ಕನ್ನಡದ ಮೂಲಕ ನಡೆದ ವೆಸ್ಲಿಯನ್ ಮೆಥೋಡಿಸ್ಟ್ ಕೆಲಸದ ಮೊದಲ ನೆಲೆಗಳಲ್ಲಿ ಗುಬ್ಬಿ ಒಂದಾಗಿದ್ದರೂ, ಆ ಸಭೆಯ ಕಥೆಗೆ ಇಂದಿಗೂ ಮುಖ್ಯ ಆಧಾರವಾಗಿ ಉಳಿದಿರುವುವು ಲಂಡನ್ನಿನಲ್ಲಿ ಅಚ್ಚಾದ ಎರಡು ಇಂಗ್ಲಿಷ್ ಪುಸ್ತಕಗಳು. ಒಂದು, ವಿಲಿಯಂ ಆರ್ಥರ್ ಅವರ 'ಎ ಮಿಷನ್ ಟು ದಿ ಮೈಸೂರ್' (೧೮೪೭). ಇನ್ನೊಂದು, ಥಾಮಸ್ ಹಾಡ್ಸನ್ ಅವರ 'ಓಲ್ಡ್ ಡೇನಿಯಲ್' (೧೮೭೭). ಮೊದಲನೆಯದು ಪ್ರಸಿದ್ಧವಾಯಿತು, ಎರಡನೆಯದು ಕನ್ನಡ ಸಂಶೋಧನೆಯ ಅಂಚಿನಲ್ಲೇ ಉಳಿಯಿತು. ಗುಬ್ಬಿಯ ಸಭೆಯ ದೃಷ್ಟಿಯಿಂದ ಈ ಕ್ರಮ ತಿರುಗುಮುರುಗಾಗಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳುವುದು ಅವಶ್ಯ. ಇಂದಿನ ಕರ್ನಾಟಕದಲ್ಲಿ 'ಮೆಥೋಡಿಸ್ಟ್' ಎಂಬ ಹೆಸರು ಎರಡು ಬೇರೆ ಬೇರೆ ಪರಂಪರೆಗಳಿಗೆ ಸಲ್ಲುತ್ತದೆ. ಹಳೆಯ ಮೈಸೂರು ಸಂಸ್ಥಾನದ ತುಮಕೂರು, ಹಾಸನ, ಮೈಸೂರು, ಶಿವಮೊಗ್ಗ ಮುಂತಾದೆಡೆ ಕೆಲಸ ಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟ್ ಮಿಷನರಿ ಸಂಘ. ಬೀದರ್, ರಾಯಚೂರು, ಬೆಳಗಾವಿ, ಕೋಲಾರಗಳಲ್ಲಿ ನೆಲೆಗೊಂಡದ್ದು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆ; ಬೆಳಗಾವಿಯ ಕೆಲಸವಂತೂ ೧೯೦೪ರಲ್ಲಿ ಲಂಡನ್ ಮಿಷನ್ನಿನಿಂದ ಅವರ ಕೈಗೆ ಬಂದದ್ದು. ಅಮೆರಿಕನ್ ಪರಂಪರೆ ೧೯೮೧ರಲ್ಲಿ ಭಾರತದ ಮೆಥೋಡಿಸ್ಟ್ ಸಭೆಯೆಂಬ ಸ್ವತಂತ್ರ ರೂಪ ತಳೆದು ಆ ಹೆಸರನ್ನು ಉಳಿಸಿಕೊಂಡಿದೆ. ಇಂಗ್ಲಿಷ್ ಪರಂಪರೆಯ ಸಭೆಗಳು ೧೯೪೭ರ ಸೆಪ್ಟೆಂಬರ್ ೨೭ರಂದು ಆಂಗ್ಲಿಕನ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳೊಂದಿಗೆ ಕೂಡಿ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ನಲ್ಲಿ ಲೀನವಾದವು. ಬ್ರಿಟನ್ನಿನಲ್ಲಿ ೧೯೩೨ರಲ್ಲಿ ಮೆಥೋಡಿಸ್ಟ್ ಶಾಖೆಗಳು ಒಂದಾದಾಗ 'ವೆಸ್ಲಿಯನ್' ಎಂಬ ವಿಶೇಷಣವೂ ಅಧಿಕೃತ ಬಳಕೆಯಿಂದ ಮರೆಯಾಗಿತ್ತು. ಒಂದೇ ಸಭೆ ಶತಮಾನದೊಳಗೆ ವೆಸ್ಲಿಯನ್, ಮೆಥೋಡಿಸ್ಟ್, ಸಿ.ಎಸ್.ಐ. ಎಂಬ ಮೂರು ಹೆಸರುಗಳನ್ನು ಹೊತ್ತಿರುವುದರಿಂದ ಗ್ರಂಥಾಲಯಗಳ ಸೂಚಿಗಳಲ್ಲಿ ಅದರ ದಾಖಲೆಗಳು ಮೂರು ಕಡೆ ಚದುರಿಹೋಗುತ್ತವೆ. ಊರಿನ ಹೆಸರನ್ನೂ ಆ ಕಾಲದ ಇಂಗ್ಲಿಷ್ ಬರಹಗಾರರು ಇಂದಿನ ಕಾಗುಣಿತದಲ್ಲಿ ಬರೆಯದೆ 'ಗೂಬ್ಬೀ' ಎಂದು ಓದಿಸುವಂತೆ ಬರೆದಿರುವುದರಿಂದ ಹುಡುಕುವವರ ಕಷ್ಟ ಇನ್ನಷ್ಟು ಹೆಚ್ಚುತ್ತದೆ.

ವ್ಯಕ್ತಿನಾಮಗಳಲ್ಲಿಯೂ ಇಂಥದೇ ಒಂದು ತೊಡಕಿದೆ. ಗುಬ್ಬಿಯಲ್ಲಿ ದುಡಿದವರು ಥಾಮಸ್ ಹಾಡ್ಸನ್. ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯಕ್ಕೆ ಹೆಸರು ಬಂದಿರುವುದು ಮುಂದಿನ ತಲೆಮಾರಿನ ಶಿಕ್ಷಣತಜ್ಞ ಮಿಷನರಿ ಜೋಸಯ್ಯ ಹಡ್ಸನ್ ಅವರಿಂದ. ಕನ್ನಡ ಲಿಪಿಯಲ್ಲಿ ಇಬ್ಬರ ಹೆಸರೂ ಒಂದೇ ಬಗೆಯಾಗಿ ಅಚ್ಚಾಗುವುದುಂಟು. ಒಬ್ಬರ ವ್ಯಾಕರಣವನ್ನು ಇನ್ನೊಬ್ಬರ ಶಾಲೆಗೆ ಜೋಡಿಸಿಬಿಡುವ ಅಪಾಯ ಇದರಿಂದ ಸದಾ ಇದ್ದೇ ಇದೆ.

ಮಿಷನ್ ಕಾಲಿಡುವ ಮುನ್ನ ಗುಬ್ಬಿ ಬರಿಯ ಖಾಲಿ ಹಾಳೆಯಾಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ 'ಭಾವಚಿಂತಾರತ್ನ', 'ವೀರಶೈವಾಮೃತ ಮಹಾಪುರಾಣ'ಗಳನ್ನು ರಚಿಸಿದ ಮಲ್ಲಣಾರ್ಯನ ಊರು ಅದು. ಚನ್ನಬಸವೇಶ್ವರನ ಕ್ಷೇತ್ರವೆಂದು ಸುತ್ತಣ ಸೀಮೆಯಲ್ಲಿ ಅದಕ್ಕೆ ಪ್ರಸಿದ್ಧಿಯಿತ್ತು. ೧೮೦೦ರಲ್ಲಿ ಆ ಮಾರ್ಗವಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಅದನ್ನು ವ್ಯಾಪಾರದ ಊರೆಂದು ಗುರುತಿಸಿದ್ದರು. ವಾರದ ಸಂತೆಗೆ ದೂರದೂರದ ವರ್ತಕರು ಬಂದು ಸೇರುತ್ತಿದ್ದ, ಲಿಂಗಾಯತ ವರ್ತಕರಿಗೂ ಮಠಗಳಿಗೂ ಪ್ರಾಬಲ್ಯವಿದ್ದ, ಪುರಾಣಪ್ರವಚನಗಳು ರೂಢಿಯಲ್ಲಿದ್ದ ಊರು ಇದು. ಮುಂದೆ ೧೮೮೪ರಲ್ಲಿ ಇದೇ ಊರಿನಿಂದ ಚನ್ನಬಸವೇಶ್ವರನ ಹೆಸರಿನ ನಾಟಕ ಮಂಡಳಿ ಹೊರಟದ್ದು ಆಕಸ್ಮಿಕವಲ್ಲ. ಕೇಳುವ, ನೋಡುವ, ವಾದಿಸುವ ಜನ ಅಲ್ಲಿ ಮೊದಲಿನಿಂದಲೂ ಇದ್ದರು. ಸಂತೆಯಲ್ಲಿ ನಿಂತು ಉಪದೇಶ ಮಾಡಲು ಬಂದವರಿಗೆ ಇಂಥ ಊರು ಆಕರ್ಷಕವಾಗಿ ಕಂಡದ್ದು ಸಹಜ. ಅದೇ ಕಾರಣದಿಂದ ಅದು ಕಠಿಣವಾದ ಊರೂ ಆಗಿತ್ತು.

ವೆಸ್ಲಿಯನ್ ಮಿಷನ್ ಬೆಂಗಳೂರಿಗೆ ಬಂದದ್ದು ೧೮೨೦ರ ದಶಕದ ಆರಂಭದಲ್ಲಿ. ಮೊದಲ ಹದಿನೈದು ವರ್ಷ ಅದರ ಕೆಲಸ ದಂಡಿನ ತಮಿಳರ ನಡುವೆ, ತಮಿಳಿನಲ್ಲಿ ನಡೆಯಿತು. ಕನ್ನಡದ ಕೆಲಸ ೧೮೩೬ರ ಸುಮಾರಿಗೆ ಪ್ರತ್ಯೇಕವಾಗಿ ಆರಂಭವಾದಾಗ ದಂಡುಪ್ರದೇಶವನ್ನು ಬಿಟ್ಟು ಹೊರನಾಡಿಗೆ ಹೋಗಬೇಕಾಯಿತು. ೧೮೩೭ರ ಸುಮಾರಿಗೆ ಗುಬ್ಬಿಯನ್ನು ಆರಿಸಿಕೊಂಡದ್ದು ಈ ಹಿನ್ನೆಲೆಯಲ್ಲಿ. ೧೮೩೧ರಿಂದ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು ಎಂಬುದನ್ನೂ ಮರೆಯಲಾಗದು. ಆದರೂ ಗುಬ್ಬಿಯಲ್ಲಿ ದಂಡಾಗಲಿ ದೊಡ್ಡ ಕಚೇರಿಯಾಗಲಿ ಇರಲಿಲ್ಲ. ಅಧಿಕಾರದ ನೆರಳು ದೂರದಲ್ಲಿತ್ತು, ಎದುರಿಗಿದ್ದದ್ದು ಕನ್ನಡ. ಈ ಒಂದು ಸಂಗತಿಯೇ ಗುಬ್ಬಿಯ ಸಭೆಯ ಸ್ವರೂಪವನ್ನು ನಿರ್ಧರಿಸಿತೆನ್ನಬಹುದು.

ವಿಲಿಯಂ ಆರ್ಥರ್ ಐರ್ಲೆಂಡಿನಲ್ಲಿ ೧೮೧೯ರಲ್ಲಿ ಹುಟ್ಟಿದವರು. ೧೮೩೯ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಭಾರತಕ್ಕೆ ಬಂದು ಗುಬ್ಬಿಯಲ್ಲಿ ಹಾಡ್ಸನ್ ಅವರ ಜೊತೆಗೂಡಿದರು. ಕಣ್ಣಿನ ಬೇನೆಯಿಂದಾಗಿ ೧೮೪೧ರಲ್ಲಿ ಹಿಂದಿರುಗಬೇಕಾಯಿತು. ಮುಂದೆ ಅವರು ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಗಳಾದರು, ೧೮೬೬ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಹಾಸಮ್ಮೇಳನದ ಅಧ್ಯಕ್ಷರಾದರು, ೧೮೫೬ರ 'ದಿ ಟಂಗ್ ಆಫ್ ಫೈರ್' ಎಂಬ ಗ್ರಂಥದಿಂದ ಇಂಗ್ಲಿಷ್ ಮಾತನಾಡುವ ಮೆಥೋಡಿಸ್ಟ್ ಲೋಕದಲ್ಲೆಲ್ಲ ಹೆಸರಾದರು. ಗುಬ್ಬಿ ಅವರ ದೀರ್ಘ ಜೀವನದ ಒಂದು ಚಿಕ್ಕ ಅಧ್ಯಾಯ. ಆದರೆ ಗುಬ್ಬಿಯ ಚರಿತ್ರೆಯಲ್ಲಿ ಅವರು ದೊಡ್ಡ ಅಧ್ಯಾಯವಾಗಿಬಿಟ್ಟರು. ಇದಕ್ಕೆ ಅವರ ಲೇಖನಿಯ ಕಸುವು ಒಂದು ಕಾರಣ, ಮುಂದೆ ಅವರು ಏರಿದ ಸ್ಥಾನ ಇನ್ನೊಂದು.

'ಎ ಮಿಷನ್ ಟು ದಿ ಮೈಸೂರ್' ಹೊರಬಂದದ್ದು ಅವರು ಗುಬ್ಬಿ ಬಿಟ್ಟು ಆರು ವರ್ಷಗಳಾದ ಮೇಲೆ. ಭಾರತವನ್ನೂ ಅದರ ಜನರನ್ನೂ ಧರ್ಮವನ್ನೂ ನಿದರ್ಶಿಸುವ ದೃಶ್ಯಗಳು ಮತ್ತು ಸಂಗತಿಗಳು ಎಂಬ ಆಶಯದ ಉಪಶೀರ್ಷಿಕೆ ಅದಕ್ಕಿದೆ. ಈ ಉಪಶೀರ್ಷಿಕೆಯನ್ನು ಗಂಭೀರವಾಗಿ ಓದಬೇಕು. ಲೇಖಕರು ತಮ್ಮ ಎದುರಿನ ಊರಿನ ಕಥೆ ಹೇಳಲು ಹೊರಟಿಲ್ಲ. ಊರನ್ನು ಕಿಟಕಿಯಾಗಿಸಿಕೊಂಡು ಇಡೀ ದೇಶವನ್ನು ತೋರಿಸಲು ಹೊರಟಿದ್ದಾರೆ. ಸಮುದ್ರಯಾನ, ಮದರಾಸು, ಒಳನಾಡಿನ ದಾರಿ, ಕೊನೆಗೆ ಗುಬ್ಬಿ ಎಂದು ಸಾಗುವ ಕಥನ, ಮತ್ತೆ ಮತ್ತೆ ಭಾರತದ ಜಾತಿ, ಮತ, ಆಚಾರಗಳ ಸಾಮಾನ್ಯ ನಿರೂಪಣೆಗೆ ಹೊರಳಿಕೊಳ್ಳುತ್ತದೆ. ಕಂಡದ್ದನ್ನು ಹೇಳುವಾಗ ಆರ್ಥರ್ ಅವರ ಗದ್ಯ ಚುರುಕಾಗಿದೆ. ಕೇಳಿದ್ದನ್ನೂ ಓದಿದ್ದನ್ನೂ ಹೇಳುವಾಗ ಅದು ಆ ಕಾಲದ ಮಿಷನರಿ ಬರವಣಿಗೆಯ ಸಿದ್ಧ ಜಾಡಿಗೆ ಬೀಳುತ್ತದೆ. ಇಂಗ್ಲೆಂಡಿನ ಓದುಗರಲ್ಲಿ ಮಿಷನ್ ಕೆಲಸದ ಬಗ್ಗೆ ಆಸಕ್ತಿಯನ್ನೂ ಔದಾರ್ಯವನ್ನೂ ಹುಟ್ಟಿಸುವ ಪುಸ್ತಕ ಇದಾಗಿದ್ದುದರಿಂದ ಗುಬ್ಬಿಯ ವಾದ, ಸಂಶಯ, ನಗೆಗಳೆಲ್ಲವೂ ಕೊನೆಗೆ ಒಂದು ನಿಶ್ಚಿತ ತೀರ್ಮಾನದತ್ತ ಹರಿಯಲೇಬೇಕಾಗುತ್ತದೆ.

ಇಷ್ಟಾದರೂ ಈ ಗ್ರಂಥವನ್ನು ವಸಾಹತುಶಾಹಿ ಪ್ರವಾಸಕಥನವೆಂದು ತಳ್ಳಿಹಾಕುವ ಓದು ಅವಸರದ್ದಾಗುತ್ತದೆ. ಸರ್ಕಾರಿ ವರದಿಗಳಿಗೆ ಬೇಕಾದದ್ದು ಮನೆಗಳ ಸಂಖ್ಯೆ, ಕಂದಾಯ, ಬೆಳೆ. ಮಿಷನರಿಗೆ ಬೇಕಾದದ್ದು ಜನರ ಮಾತು. ಆದ್ದರಿಂದ ಸಂತೆಗೆ ಬಂದವರು, ಹಳ್ಳಿಯ ಕಟ್ಟೆಯ ಮೇಲೆ ಕುಳಿತವರು ಏನು ಕೇಳಿದರು, ಹೇಗೆ ಮರುಮಾತಾಡಿದರು ಎಂಬುದಕ್ಕೆ ಅವನ ಬರಹದಲ್ಲಿ ಸ್ಥಳವಿರುತ್ತದೆ. ಆದರೆ ಅಲ್ಲಿಯೇ ಮುಖ್ಯವಾದ ವಿಮರ್ಶೆಯ ಪ್ರಶ್ನೆಯೂ ಏಳುತ್ತದೆ. ಆ ಮಾತುಗಳು ನಡೆದದ್ದು ಕನ್ನಡದಲ್ಲಿ. ಕೇಳಿಸಿಕೊಂಡವರು ಕನ್ನಡ ಕಲಿಯಲಾರಂಭಿಸಿದ ತರುಣರು. ಬರೆದದ್ದು ವರ್ಷಗಳ ನಂತರ, ಇಂಗ್ಲಿಷಿನಲ್ಲಿ. ಹೀಗೆ ಮೂರು ಸಾಣೆಗಳನ್ನು ಹಾದು ಬಂದ ಸಂಭಾಷಣೆಯನ್ನು ಗುಬ್ಬಿಯ ಜನರ ಮಾತೆಂದೇ ಉದ್ಧರಿಸುವುದು ಸರಿಯಾಗದು. ಪ್ರಶ್ನೆ ಕೇಳಿದವರು ಲಿಂಗವಂತರೋ ಬ್ರಾಹ್ಮಣರೋ ಒಕ್ಕಲಿಗರೋ ಎಂಬುದರ ಮೇಲೆ ಅವರ ಪರಿಭಾಷೆ ಬದಲಾಗುತ್ತಿತ್ತು. ಇಂಗ್ಲಿಷ್ ರೂಪದಲ್ಲಿ ಎಲ್ಲರೂ 'ಹಿಂದೂ' ಎಂಬ ಒಂದೇ ಪಾತ್ರವಾಗುತ್ತಾರೆ. ಮಲ್ಲಣಾರ್ಯನ ಪುರಾಣವನ್ನು ಕೇಳಿ ಬೆಳೆದ ಶ್ರೋತೃವರ್ಗಕ್ಕೂ, ಅದೇ ಸಂತೆಯಲ್ಲಿ ನಿಂತಿದ್ದ ಬೇರೆ ಸಮುದಾಯದವರಿಗೂ ನಡುವೆ ಇದ್ದ ಅಂತರ ಇಲ್ಲಿ ಮಾಯವಾಗುತ್ತದೆ.

ಈ ಅಂತರ ಎಷ್ಟು ಮುಖ್ಯವೆಂಬುದಕ್ಕೆ ಒಂದು ಪದವನ್ನು ನೋಡಿದರೆ ಸಾಕು. ಕನ್ನಡದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಭಾಪ್ರವೇಶದ ಸಂಸ್ಕಾರಕ್ಕೆ 'ದೀಕ್ಷಾಸ್ನಾನ' ಎನ್ನುತ್ತಾರೆ. 'ದೀಕ್ಷೆ' ಎಂಬುದು ವೀರಶೈವ ಪರಿಸರದಲ್ಲಿ ಹೊಸ ಮಾತಲ್ಲ. ಗುರುವು ಲಿಂಗವನ್ನು ಕರುಣಿಸುವ ಸಂಸ್ಕಾರದ ಹೆಸರದು. 'ಗುರು', 'ಭಕ್ತ', 'ಪ್ರಸಾದ' ಮುಂತಾದವುಗಳಿಗೂ ಅಲ್ಲಿ ಖಚಿತವಾದ ಅರ್ಥವಿತ್ತು. ಬಳ್ಳಾರಿಯ ಹ್ಯಾಂಡ್ಸ್ ಅವರ ಅನುವಾದವಾಗಿ ೧೮೩೧ರ ವೇಳೆಗೆ ಪೂರ್ಣವಾಗಿ ಅಚ್ಚಾಗಿದ್ದ ಕನ್ನಡ ಬೈಬಲ್ ಮಿಷನರಿಗಳ ಕೈಯಲ್ಲಿತ್ತು, ನಿಜ. ಆದರೆ ಪುಸ್ತಕದ ಕನ್ನಡ ಸಂತೆಯ ಕಿವಿಯಲ್ಲಿ ಯಾವ ಅರ್ಥವನ್ನು ಪಡೆಯುತ್ತದೆ ಎಂಬುದನ್ನು ನಿರ್ಧರಿಸುವವನು ಅನುವಾದಕನಲ್ಲ, ಕೇಳುಗ. ಗುಬ್ಬಿಯಲ್ಲಿ ಈ ಪದಗಳನ್ನು ಆಡಿದೊಡನೆ ಅವುಗಳ ಹಿಂದೆ ಶತಮಾನಗಳ ಶರಣ ಸಾಹಿತ್ಯದ ಅನುರಣನ ಏಳುತ್ತಿತ್ತು. ಆರ್ಥರ್ ಅವರ ಇಂಗ್ಲಿಷ್ ಪುಟಗಳಲ್ಲಿ ಈ ಅನುರಣನ ಕೇಳಿಸುವುದಿಲ್ಲ.

ಮೆಥೋಡಿಸ್ಟ್ ವ್ಯವಸ್ಥೆಯ ಸ್ವರೂಪವನ್ನೂ ಇದೇ ದೃಷ್ಟಿಯಿಂದ ಗಮನಿಸಬಹುದು. ಜಾನ್ ವೆಸ್ಲಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಟ್ಟಿದ ಸಂಘಟನೆಯ ಜೀವಾಳ ಸಂಚಾರ. ಹಲವು ಊರುಗಳನ್ನು ಸೇರಿಸಿ ಒಂದು 'ಸರ್ಕ್ಯೂಟ್'. ಅದನ್ನು ಸುತ್ತುವ ಬೋಧಕರು. ಅವರು ಕೆಲವು ವರ್ಷಗಳಿಗೊಮ್ಮೆ ಬೇರೆ ಕಡೆಗೆ ವರ್ಗವಾಗುವರು. ಊರಿನಲ್ಲಿ ಉಳಿಯುವವರು ಪಾದ್ರಿಗಳಲ್ಲ. ದುಡಿದು ಉಣ್ಣುತ್ತಲೇ ಉಪದೇಶಿಸುವ ಸ್ಥಳೀಯ ಬೋಧಕರು ಮತ್ತು ವಾರಕ್ಕೊಮ್ಮೆ ಹತ್ತಾರು ಜನರನ್ನು ಕೂಡಿಸಿ ಅವರ ನಡೆನುಡಿಗಳನ್ನು ವಿಚಾರಿಸುವ 'ಕ್ಲಾಸು' ನಾಯಕರು. ಹಾಡಿಗೆ ಇಲ್ಲಿ ಉಪದೇಶದಷ್ಟೇ ಸ್ಥಾನ. ಊರಿಂದೂರಿಗೆ ನಡೆಯುವ ಜಂಗಮರನ್ನೂ, ವಚನ-ತತ್ತ್ವಪದಗಳ ಹಾಡಿಕೆಯನ್ನೂ ಬಲ್ಲ ಸೀಮೆಗೆ ಈ ಕ್ರಮ ಹೊರನೋಟಕ್ಕೆ ತೀರ ಅಪರಿಚಿತವಾಗಿರಲಾರದು. ಆದರೆ ಜಂಗಮನಿಗೆ ಮನೆಯ ಒಳಗೆ ಪ್ರವೇಶವಿತ್ತು, ಭಿಕ್ಷೆಯಿತ್ತು, ಪಂಕ್ತಿಯಿತ್ತು. ಮಿಷನರಿಗೆ ಜಗುಲಿಯೇ ಗಡಿ. ಹೋಲಿಕೆ ಎಷ್ಟು ದೂರ ಬಂದು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಗುಬ್ಬಿಯ ಸಭೆ ಏಕೆ ಸಣ್ಣದಾಗಿಯೇ ಉಳಿಯಿತು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗವಾದರೂ ಇದೆ.

ಸಂಚಾರದ ಈ ಪದ್ಧತಿ ಚರಿತ್ರೆಯ ಬರವಣಿಗೆಯ ಮೇಲೂ ಪರಿಣಾಮ ಬೀರಿತು. ಬಂದುಹೋಗುವವರು ಬರೆದರು, ಉಳಿದವರು ಬರೆಯಲಿಲ್ಲ, ಬರೆದದ್ದು ಅಚ್ಚಾಗಲಿಲ್ಲ. ಜಿ. ಜಿ. ಫಿಂಡ್ಲೆ ಮತ್ತು ಡಬ್ಲ್ಯು. ಡಬ್ಲ್ಯು. ಹೋಲ್ಡ್ಸ್‌ವರ್ತ್ ಅವರು ೧೯೨೧-೨೪ರ ಅವಧಿಯಲ್ಲಿ ಐದು ಸಂಪುಟಗಳಲ್ಲಿ ಪ್ರಕಟಿಸಿದ ವೆಸ್ಲಿಯನ್ ಮಿಷನರಿ ಸಂಘದ ಚರಿತ್ರೆಯಲ್ಲಿಯೂ ಇದೇ ಕ್ರಮ. ಹೋಲ್ಡ್ಸ್‌ವರ್ತ್ ಸ್ವತಃ ಮೈಸೂರಿನಲ್ಲಿ ದುಡಿದವರು, ಅವರ ಪತ್ನಿಯ ಸ್ಮರಣೆಯ ಆಸ್ಪತ್ರೆ ೧೯೦೬ರಿಂದ ಮೈಸೂರಿನಲ್ಲಿದೆ. ಆದರೂ ಅವರ ಕಥನದ ಅಧ್ಯಾಯಗಳು ಒಬ್ಬ ಮಿಷನರಿ ಬಂದಾಗ ತೆರೆದು ಅವರು ಹೋದಾಗ ಮುಚ್ಚುತ್ತವೆ. ನಡುವಿನ ಸಭೆ ಸದಾ ಹಿನ್ನೆಲೆಯ ಗುಂಪು.

'ಓಲ್ಡ್ ಡೇನಿಯಲ್' ಈ ದೃಷ್ಟಿಯಿಂದ ಬೇರೆಯಾದ ಪುಸ್ತಕ. ಹಾಡ್ಸನ್ ಅವರು ಆರ್ಥರ್ ಅವರಂತೆ ಪ್ರತಿಭಾವಂತ ಗದ್ಯಕಾರರಲ್ಲ. ಅವರ ಬರಹ ನಿಧಾನಗತಿಯದು. ಧರ್ಮೋಪದೇಶದ ಭಾರ ಅದರಲ್ಲಿಯೂ ಇದೆ. ಆದರೆ ಪುಸ್ತಕದ ವಿನ್ಯಾಸವೇ ಗಮನಾರ್ಹ. ಒಬ್ಬ ಮತಾಂತರಿತರ ಜೀವನಕಥೆ, ಗುಬ್ಬಿ ಸರ್ಕ್ಯೂಟಿನ ಕೆಲಸದ ಅವಲೋಕನ, ಹಳ್ಳಿಯ ಬದುಕಿನ ವರ್ಣನೆ ಎಂಬ ಮೂರು ಎಳೆಗಳನ್ನು ಅದರ ಶೀರ್ಷಿಕೆ ತಾನೇ ಹೇಳುತ್ತದೆ. ಕಥೆಯ ಕೇಂದ್ರದಲ್ಲಿರುವುದು ಮಿಷನರಿಯಲ್ಲ, ಗುಬ್ಬಿಯ ಸುತ್ತಣ ಸೀಮೆಯ ಒಬ್ಬ ಹಳ್ಳಿಗರು. ದೇಶದ ಸಾಮಾನ್ಯ ಚಿತ್ರಕ್ಕೆ ಬದಲಾಗಿ ಒಂದು ಸರ್ಕ್ಯೂಟು, ಒಂದು ಹಳ್ಳಿ, ಒಂದು ಜೀವ. ಆರ್ಥರ್ ಊರಿನಿಂದ ದೇಶಕ್ಕೆ ಹಾರುವರು. ಹಾಡ್ಸನ್ ಊರಿನಿಂದ ಮನೆಯೊಳಗೆ ಇಣುಕುವರು. ಇದಕ್ಕೆ ಮನೋಧರ್ಮ ಮಾತ್ರ ಕಾರಣವಲ್ಲ. ಒಬ್ಬರು ಕನ್ನಡ ನಾಡಿನಲ್ಲಿ ಎರಡು ವರ್ಷವಿದ್ದು ಬರೆದರು. ಇನ್ನೊಬ್ಬರು ದಶಕಗಳ ಒಡನಾಟದ ನಂತರ, ಮುಪ್ಪಿನಲ್ಲಿ ಬರೆದರು. ಮೂವತ್ತು ವರ್ಷಗಳ ಅಂತರದ ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದಾಗ, ಮಿಷನ್ನಿನ ಕನಸು ಮೊದಲನೆಯದರಲ್ಲೂ ಅದರ ಅಳತೆ ಎರಡನೆಯದರಲ್ಲೂ ಕಾಣುತ್ತದೆ. ನಗರವೇ ತಿರುಗಿ ಬೀಳುವುದೆಂಬ ನಿರೀಕ್ಷೆಯಿಂದ ಹೊರಟ ಕೆಲಸ ಒಬ್ಬ ಮುದುಕನ ಕಥೆಯಲ್ಲಿ ತನ್ನ ಸಾರ್ಥಕತೆಯನ್ನು ಕಂಡುಕೊಂಡಿತು.

ಹಾಡ್ಸನ್ ಅವರ ಪುಸ್ತಕವೂ ಪ್ರಶ್ನಾತೀತವಲ್ಲ. ಅದರ ನಾಯಕರಿಗೆ ದೀಕ್ಷಾಸ್ನಾನಕ್ಕೆ ಮುಂಚೆ ಇದ್ದ ಹೆಸರು ಚಿಕ್ಕ. ಪುಸ್ತಕದ ಮುಖಪುಟಕ್ಕೆ ಏರಿದ ಹೆಸರು ಡೇನಿಯಲ್. ಹೊಸ ಹುಟ್ಟಿಗೆ ಹೊಸ ಹೆಸರೆಂಬ ನಂಬಿಕೆಯ ಆಳವನ್ನು ಅಲ್ಲಗಳೆಯಬೇಕಾಗಿಲ್ಲ. ದೀಕ್ಷೆಯಲ್ಲಿ ಹೆಸರು ಬದಲಾಗುವುದು ಈ ನೆಲದ ಮತಪಂಥಗಳಿಗೂ ಗೊತ್ತಿರುವ ಸಂಗತಿ. ಆದರೆ ಸಂಶೋಧಕನಿಗೆ ಇದರ ಪರಿಣಾಮ ಬೇರೆ. 'ಚಿಕ್ಕ' ಎಂಬ ಹೆಸರಿಗೆ ಮನೆ, ಬಳಗ, ಗ್ರಾಮ, ಜಾತಿಗಳ ಜಾಲವೇ ಅಂಟಿಕೊಂಡಿರುತ್ತದೆ. ಊರಿನ ಲೆಕ್ಕದ ಕಡತಗಳಲ್ಲಿ ಹುಡುಕಬಹುದಾದ ಹೆಸರು ಅದು. 'ಡೇನಿಯಲ್' ಆದೊಡನೆ ಆ ವ್ಯಕ್ತಿ ಸಾರ್ವತ್ರಿಕ ಕ್ರೈಸ್ತ ಲೋಕದ ಪ್ರಜೆಯಾಗುತ್ತಾರೆ, ಗುಬ್ಬಿಯ ಚರಿತ್ರೆಯಿಂದ ಒಂದು ಹೆಜ್ಜೆ ದೂರ ಸರಿಯುತ್ತಾರೆ. ಮೇಲಾಗಿ 'ಓಲ್ಡ್' ಎಂಬ ವಿಶೇಷಣದ ಮುದ್ದು. ಪ್ರಾಯಸ್ಥ ಭಾರತೀಯ ವಿಶ್ವಾಸಿಯನ್ನು ಸಾಧುವಾದ ಹಿರಿಯನನ್ನಾಗಿ ಚಿತ್ರಿಸುವುದು ವಿಕ್ಟೋರಿಯನ್ ಮಿಷನ್ ಸಾಹಿತ್ಯಕ್ಕೆ ಪ್ರಿಯವಾದ ಮಾದರಿ. ಆ ಮಾದರಿಯೊಳಗೆ ಚಿಕ್ಕ ಅವರ ಸ್ವಂತ ಮಾತು ಎಷ್ಟು, ಹಾಡ್ಸನ್ ಅವರ ಹೊಂದಾಣಿಕೆ ಎಷ್ಟು ಎಂದು ಬೇರ್ಪಡಿಸುವುದು ಎಚ್ಚರದ ಕೆಲಸ. ಆದರೂ ಈ ಪುಸ್ತಕದಲ್ಲಿ ಹಾಡ್ಸನ್ ಅವರಿಗೆ ಒಂದು ಅನುಕೂಲವಿತ್ತು: ಅವರಿಗೆ ಕನ್ನಡ ಬರುತ್ತಿತ್ತು, ಬರಿಯ ಉಪದೇಶಕ್ಕಾಗುವಷ್ಟಲ್ಲ, ವ್ಯಾಕರಣ ಬರೆಯುವಷ್ಟು.

ಇಲ್ಲಿಗೆ ಲೇಖನದ ಆರಂಭದಲ್ಲಿ ಸೂಚಿಸಿದ ವಿಭಜನೆಯ ವಿಷಯಕ್ಕೆ ಬಂದಂತಾಯಿತು. ಹಾಡ್ಸನ್ ಅವರ ಇಂಗ್ಲಿಷ್ ಭಾಷೆಯ ಕನ್ನಡ ವ್ಯಾಕರಣ ಬೆಂಗಳೂರಿನಲ್ಲಿ ೧೮೫೯ರಲ್ಲಿ ಪ್ರಕಟವಾಗಿ, ೧೮೬೪ರಲ್ಲಿ ಎರಡನೆಯ ಮುದ್ರಣ ಕಂಡಿತು. ಕೇರಿಯವರ ೧೮೧೭ರ ವ್ಯಾಕರಣ 'ಕರ್ನಾಟ' ಭಾಷೆಯದಾಗಿಯೂ, ಮೆಕೆರೆಲ್ ಅವರ ೧೮೨೦ರ ವ್ಯಾಕರಣ 'ಕಾರ್ನಾಟಕ' ಭಾಷೆಯದಾಗಿಯೂ ಹೆಸರಿಸಿಕೊಂಡಿದ್ದವು. ಹಾಡ್ಸನ್ ತಮ್ಮ ಶೀರ್ಷಿಕೆಯಲ್ಲಿ 'ಕನ್ನಡ' ಎಂಬ ರೂಪವನ್ನು ಮುಂದಿಟ್ಟು ಯುರೋಪಿಯನ್ನರಿಗೆ ರೂಢಿಯಾಗಿದ್ದ 'ಕೆನರೀಸ್' ಎಂಬುದನ್ನು ಅದರ ಹಿಂದಿಟ್ಟರು. ಜನ ತಮ್ಮ ನುಡಿಯನ್ನು ಕರೆಯುವ ಹೆಸರಿನಿಂದಲೇ ಕರೆಯಬೇಕೆಂಬ ಈ ಸೂಕ್ಷ್ಮ ಸಂಸ್ಕೃತ ಪಾಠಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಅಲ್ಲ, ಜನರ ನಡುವಿನ ಬಳಕೆಯಲ್ಲಿ ಬರುವಂಥದು. ಭಾಷಾಚರಿತ್ರೆಕಾರರು ಈ ವ್ಯಾಕರಣವನ್ನು ಗುರುತಿಸಿದ್ದಾರೆ. ಆದರೆ ಅದರ ಕರ್ತೃ ಗುಬ್ಬಿಯಲ್ಲಿ ಸಂತೆಯ ಉಪದೇಶಕರಾಗಿದ್ದರೆಂಬುದು ಅವರಿಗೆ ಅಡಿಟಿಪ್ಪಣಿ. ಸಭಾಚರಿತ್ರೆಕಾರರಿಗೆ ವ್ಯಾಕರಣವೇ ಅಡಿಟಿಪ್ಪಣಿ.

ವೆಸ್ಲಿಯನ್ ಬಳಗದ ಇನ್ನಿಬ್ಬರಿಗೂ ಇದೇ ಗತಿ ಒದಗಿದೆ. ಜಾನ್ ಗ್ಯಾರೆಟ್ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ೧೮೪೦ರ ದಶಕದಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿ ಹೊರತಂದವರು; ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಡೇನಿಯಲ್ ಸ್ಯಾಂಡರ್ಸನ್ ೧೮೫೨ರಲ್ಲಿ ಜೈಮಿನಿ ಭಾರತವನ್ನು ಅನುವಾದ, ಟಿಪ್ಪಣಿಗಳೊಂದಿಗೆ ಸಂಪಾದಿಸಿದರು. ೧೮೫೮ರಲ್ಲಿ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿದರು. ಶ್ರೀನಿವಾಸ ಹಾವನೂರ ಅವರ 'ಹೊಸಗನ್ನಡದ ಅರುಣೋದಯ' ಇಂಥ ಕೆಲಸಗಳನ್ನು ಹೊಸಗನ್ನಡದ ಚರಿತ್ರೆಯ ಒಳಕ್ಕೆ ತಂದ ಮಹತ್ತ್ವದ ಗ್ರಂಥ. ಅದರ ವಸ್ತು ಸಾಹಿತ್ಯವಾದ್ದರಿಂದ ಸಭೆಗಳ ಬಾಳುವೆಯನ್ನು ಅದು ಅರಸದಿರುವುದು ದೋಷವಲ್ಲ. ದೋಷವಿರುವುದು ಅದರ ಬಳಿಕ ಬಂದವರು ಅದೇ ಮಾಹಿತಿಯನ್ನು ಪಟ್ಟಿಯಾಗಿ ಪುನರುಚ್ಚರಿಸಿದ್ದರಲ್ಲಿ. ಮೋಗ್ಲಿಂಗ್, ಕಿಟೆಲ್ ಮುಂತಾದವರ ಹಿರಿಮೆಯಿಂದಾಗಿ ಬಾಸೆಲ್ ಮಿಷನ್ನಿನ ಸಭೆಗಳಿಗೂ ಶಾಲೆಗಳಿಗೂ ಹಂಚಿನ ಕಾರ್ಖಾನೆಗಳಿಗೂ ಕೂಡ ಸಂಶೋಧಕರು ದೊರೆತರು. ವೆಸ್ಲಿಯನ್ ಪರಂಪರೆಗೆ ಕಿಟೆಲ್ ಅವರಂಥ ಒಬ್ಬ ಮೇರು ಇಲ್ಲದ್ದರಿಂದ ಅದರ ಸಣ್ಣ ಸಭೆಗಳತ್ತ ಯಾರ ಗಮನವೂ ಹೋಗಲಿಲ್ಲ.

ಈ ಎರಡು ಚರಿತ್ರೆಗಳಲ್ಲಿಯೂ ಒಂದೇ ರೀತಿ ಕಾಣೆಯಾಗಿರುವವರು ಮುನಿಷಿಗಳು ಮತ್ತು ಶಾಲೆಯ 'ಮಾಸ್ತರು'ಗಳು. ಮಿಷನರಿ ಯಾರಾದರೂ ಕನ್ನಡ ಕಲಿತದ್ದು ಒಬ್ಬ ಪಂಡಿತರ ಎದುರು ಕುಳಿತು. ತನ್ನ ಧರ್ಮವನ್ನು ಬಿಡದೆ, ಬಿಡಬೇಕೆಂದೂ ಬಯಸದೆ, ಸಂಬಳಕ್ಕಾಗಿ ಮಿಷನರಿಯ ನಾಲಗೆ ತಿದ್ದಿದ ಆ ಪಂಡಿತ ಗುಬ್ಬಿಯ ಸಭೆಯ ಚರಿತ್ರೆಯ ಒಳಗಿನವನೋ ಹೊರಗಿನವನೋ? ಸಭಾಸದಸ್ಯತ್ವದ ಪಟ್ಟಿಯನ್ನು ನೋಡಿದರೆ ಹೊರಗಿನವನು. ಉಪದೇಶದ ಪ್ರತಿಯೊಂದು ವಾಕ್ಯವನ್ನು ನೋಡಿದರೆ ಒಳಗಿನವನು. ಆರ್ಥರ್ ಅವರಲ್ಲಿಯೂ ಹಾಡ್ಸನ್ ಅವರಲ್ಲಿಯೂ ಅವನಿಗೆ ಸಿಕ್ಕಿರುವುದು ಪರಿಕರದ ಸ್ಥಾನ. ಭಾಷೆಯ ಚರಿತ್ರೆಯನ್ನೂ ಸಭೆಯ ಚರಿತ್ರೆಯನ್ನೂ ಒಂದಾಗಿ ಬರೆದರೆ ಮಾತ್ರ ಅವನಿಗೆ ಯೋಗ್ಯವಾದ ಸ್ಥಾನ ದೊರೆಯಲು ಸಾಧ್ಯ.

ಮಿಷನ್ನಿನ ವಾರ್ಷಿಕ ವರದಿಗಳ ಅಂಕಿಗಳನ್ನು ಬಳಸುವಾಗಲೂ ಇದೇ ಎಚ್ಚರ ಬೇಕು. ಪೂರ್ಣ ಸದಸ್ಯರು, ಪರೀಕ್ಷಾವಧಿಯಲ್ಲಿರುವವರು, ಶಾಲೆಯ ಮಕ್ಕಳು ಎಂಬಂಥ ಬೇರೆ ಬೇರೆ ಅಂಕಣಗಳಲ್ಲಿ ವೆಸ್ಲಿಯನ್ನರು ಲೆಕ್ಕವಿಡುತ್ತಿದ್ದರು. ಮೊದಲ ಅಂಕಣವನ್ನು ಮಾತ್ರ ನೋಡಿದವರು ಗುಬ್ಬಿಯ ಕೆಲಸ ವಿಫಲವಾಯಿತೆನ್ನುವರು. ಎಲ್ಲವನ್ನೂ ಕೂಡಿಸಿದವರು ಅದರ ಪ್ರಭಾವವನ್ನು ಅತಿಯಾಗಿ ಹೇಳುವರು. ಶಾಲೆಗೆ ಮಕ್ಕಳನ್ನು ಕಳಿಸಿದ ವರ್ತಕರಿಗೆ ಬೇಕಾಗಿದ್ದದ್ದು ಓದು, ಬರಹ, ಲೆಕ್ಕ. ಅವರು ಶಾಲೆಯನ್ನು ಒಪ್ಪಿಕೊಂಡು ಸಭೆಯನ್ನು ಒಪ್ಪಿಕೊಳ್ಳಲಿಲ್ಲ. ಇದನ್ನು ಸೋಲೆಂದು ಕರೆಯುವುದಕ್ಕಿಂತ, ಊರು ತನಗೆ ಬೇಕಾದದ್ದನ್ನು ಆರಿಸಿಕೊಂಡಿತು ಎನ್ನುವುದು ಹೆಚ್ಚು ನಿಖರ. ಸಭೆಯ ಬೆಳವಣಿಗೆಗೆ ಬೇರೊಂದು ತಿರುವು ಬಂದದ್ದು ೧೮೭೬–೭೮ರ ಭೀಕರ ಕ್ಷಾಮದ ನಂತರ. ಅನಾಥರಾದ ಹುಡುಗರಿಗೆ ತುಮಕೂರಿನಲ್ಲಿಯೂ ಹುಡುಗಿಯರಿಗೆ ಹಾಸನದಲ್ಲಿಯೂ ವೆಸ್ಲಿಯನ್ನರು ಆಶ್ರಮಗಳನ್ನು ತೆರೆದರು. ವಾದದಿಂದ ಬಾರದ ಸಭೆ ಹಸಿವಿನಿಂದ ಬಂದಿತು ಎಂದು ಇದನ್ನು ಹಳಿಯುವವರುಂಟು. ಆದರೆ ಆ ಮಕ್ಕಳಿಗೆ ಮುಂದೆ ಬಂದ ಬದುಕು, ಕಸುಬು, ಸಂಸಾರಗಳೇ ಆ ಸೀಮೆಯ ಸಭೆಗಳ ನಿಜವಾದ ಸಾಮಾಜಿಕ ಚರಿತ್ರೆ. ಅದು ಹೊಗಳಿಕೆಯಿಂದಲೂ ಹಳಿಕೆಯಿಂದಲೂ ಬರೆಯಬಹುದಾದದ್ದಲ್ಲ. 'ಓಲ್ಡ್ ಡೇನಿಯಲ್' ಅಚ್ಚಾದದ್ದು ಆ ಕ್ಷಾಮದ ನಡುವಿನ ವರ್ಷದಲ್ಲಿಯೇ. ಒಬ್ಬೊಬ್ಬರಾಗಿ ಬಂದವರ ಕಾಲ ಮುಗಿದು ಆಶ್ರಮಗಳ ಕಾಲ ಮೊದಲಾಗುವ ಹೊಸ್ತಿಲಲ್ಲಿ ಆ ಪುಸ್ತಕ ನಿಂತಿದೆ ಎಂಬುದು ಅದರ ಮೌಲ್ಯವನ್ನು ಹೆಚ್ಚಿಸುವ ಸಂಗತಿ.

ಸಂಪರ್ಕ, ಶಿಕ್ಷಣ, ಮುದ್ರಣಗಳ ಬಲ ಬೆಳೆದಂತೆ ಮಿಷನ್ನಿನ ಭಾರ ಜಿಲ್ಲಾಕೇಂದ್ರಗಳತ್ತ ಸರಿಯಿತು. ಮೈಸೂರಿನಲ್ಲಿ ಹೆನ್ರಿ ಹೇಗ್ ಅವರು ೧೮೮೭ರಲ್ಲಿ 'ವೃತ್ತಾಂತ ಪತ್ರಿಕೆ'ಯನ್ನು ಆರಂಭಿಸಿದಾಗ ಕನ್ನಡ ಓದುಗರನ್ನು ತಲುಪಲು ಸಂತೆಯ ಕಟ್ಟೆ ಅನಿವಾರ್ಯವಾಗಿ ಉಳಿದಿರಲಿಲ್ಲ. ಮೊದಲ ನೆಲೆಯಾಗಿದ್ದ ಗುಬ್ಬಿ ಹಲವು ನೆಲೆಗಳಲ್ಲೊಂದಾಯಿತು. ಊರಿನ ಸಭೆಗೆ ಇದರಿಂದ ಆದದ್ದು ನಷ್ಟವೊಂದೇ ಅಲ್ಲ. ಹೊರಗಿನ ಬೋಧಕರ ಕಣ್ಣಿನಿಂದ ತುಸು ದೂರವಾದಾಗಲೇ ಸ್ಥಳೀಯ ಉಪದೇಶಿಗಳು, ಶಿಕ್ಷಕರು, ಅವರ ಮನೆಯ ಹೆಂಗಸರು ಸಭೆಯನ್ನು ತಮ್ಮದಾಗಿ ನಡೆಸುವ ಅವಕಾಶ ಹೆಚ್ಚಿತು. ಆದರೆ ಅದೇ ಕಾಲದ ಬಗ್ಗೆ ಲಂಡನ್ನಿನ ಪುಸ್ತಕಗಳು ಮೌನ ತಾಳುತ್ತವೆ.

ಆ ಮೌನವನ್ನು ತುಂಬಬಲ್ಲ ಸಾಮಗ್ರಿ ಪುಸ್ತಕರೂಪದ್ದಲ್ಲ. ವೆಸ್ಲಿಯನ್ ಸಂಘದ ಪತ್ರವ್ಯವಹಾರ ಲಂಡನ್ ವಿಶ್ವವಿದ್ಯಾಲಯದ ಪೌರಸ್ತ್ಯ ಮತ್ತು ಆಫ್ರಿಕನ್ ಅಧ್ಯಯನ ಸಂಸ್ಥೆಯಲ್ಲಿ ಸಂರಕ್ಷಿತವಾಗಿದೆ. ಕರ್ನಾಟಕದ ಸಭೆಗಳಿಗೆ ಸಂಬಂಧಿಸಿದ ದಾಖಲೆಗಳ ಸಂಗ್ರಹ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿದೆ. ಇವೆರಡಕ್ಕಿಂತ ಗುಬ್ಬಿಯಂಥ ಊರಿನ ಚರಿತ್ರೆಗೆ ಹತ್ತಿರವಾದದ್ದು ಸಭೆಗಳಲ್ಲಿ ಪರಂಪರೆಯಿಂದ ಇಟ್ಟುಕೊಂಡು ಬಂದಿರುವ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ದಾಖಲೆ ಪುಸ್ತಕಗಳು. ವೆಸ್ಲಿಯನ್ ಪದ್ಧತಿಯ ಇಂಥ ಪುಸ್ತಕದಲ್ಲಿ ಸಾಮಾನ್ಯವಾಗಿ ಮಗುವಿನ ಹೆಸರಿನ ಪಕ್ಕದಲ್ಲಿ ತಂದೆತಾಯಿಯರ ಹೆಸರು, ವಾಸದ ಊರು, ಕಸುಬು, ಸಂಸ್ಕಾರ ನಡೆಸಿದವರ ರುಜು ಇರುತ್ತವೆ. ಆರ್ಥರ್ ಅವರ ಕಣ್ಣಿಗೆ ಬೀಳದ ತಾಯಂದಿರು, ಹಾಡ್ಸನ್ ಅವರ ಪುಸ್ತಕದಲ್ಲಿ ಸ್ಥಳ ಸಿಗದ ಕಸುಬುಗಳು, ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತ ಹಳೆಯ ಕನ್ನಡ ಹೆಸರು ಮತ್ತು ಹೊಸ ಬೈಬಲ್ ಹೆಸರು ಇವೆಲ್ಲ ಆ ಅಂಕಣಗಳಲ್ಲಿ ದೊರೆಯುತ್ತವೆ. ೧೯೪೭ರ ಐಕ್ಯದ ನಂತರವೂ ಇಂಥ ಪುಸ್ತಕಗಳಿಗೆ ಹೊಸ ಹೆಸರಿನ ಸಭೆಯೇ ವಾರಸುದಾರ. ಕಾಗದ ಸವೆಯುವ ಮುನ್ನ ಅವುಗಳ ಪ್ರತಿ ತೆಗೆದಿರಿಸಿ, ಊರು ಮತ್ತು ಕಸುಬಿನ ಅಂಕಣಗಳಿಗೆ ಮೊದಲು ಸೂಚಿ ಸಿದ್ಧಪಡಿಸಿಕೊಂಡರೆ ಎರಡು ಇಂಗ್ಲಿಷ್ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆನೋಡಬಹುದು.